ಟ್ಯೂಬು ಒಡೆದ ಕೋಣೆ

ಕ್ಯಾಂಟೀನಿನ ಕೊನೆಯ ಬೆಂಚಿನಲ್ಲಿ, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಸೀನಪ್ಪ ಕೂತಿದ್ದ. ಐವತ್ತೇಳನೆಯ ವಯಸ್ಸಿನಲ್ಲಿ ತನ್ನನ್ನು ಶಾಲೆಯ ಮಕ್ಕಳ ಹಾಗೆ ಸಾಲಿನಲ್ಲಿ ಕೂರಿಸಿ ಪಾಠ ಹೇಳಿಸುತ್ತಿದ್ದಾರೆಂಬುದು ಬೆಳಿಗ್ಗೆಯಿಂದ ಅವನನ್ನು ಕುಟುಕುತ್ತಿತ್ತು. ಕಾಮಸಮುದ್ರದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬಂಗಾರಪೇಟೆಯಾಚೆಯ ಈ ಹೊಲಿಗೆ ಕಾರ್ಖಾನೆಯ ಗೇಟಿನಲ್ಲಿ ಬೆರಳೊತ್ತಿ ಒಳಗೆ ಕಾಲಿಟ್ಟಿದ್ದನೋ ಇಲ್ಲವೋ, ಮ್ಯಾನೇಜರ್ ವೇಣು 'ಸೀನಪ್ಪ, ಇವತ್ತು ಏಣಿ ಮುಟ್ಟಬೇಡಿ, ಮೊದಲು ಟ್ರೈನಿಂಗು' ಎಂದಿದ್ದ. ಇಪ್ಪತ್ತೆರಡು ವರ್ಷಗಳಿಂದ ಈ ಛಾವಣಿಯ ಒಂದೊಂದು ದೀಪವನ್ನೂ ತನ್ನ ಕೈಯಿಂದಲೇ ಹತ್ತಿಸಿದವನಿಗೆ ದೀಪದ ವಿಷಯದಲ್ಲಿ ಟ್ರೈನಿಂಗು. ಪಾಠ ಹೇಳಲು ಬಂದಿದ್ದವಳು ಸಹನ ಎಂಬ ಹುಡುಗಿ. ಹಳೆಯ ಟ್ಯೂಬ್‌ಲೈಟುಗಳನ್ನು ಒಯ್ದು ವಿಲೇವಾರಿ ಮಾಡಲು ಸರ್ಕಾರದ ಪರವಾನಗಿ ಪಡೆದ ಬೆಂಗಳೂರಿನ ಯಾವುದೋ ಕಂಪನಿಯವಳಂತೆ. ಹೋದ ತಿಂಗಳಷ್ಟೇ ಕಾರ್ಖಾನೆಯ ಟ್ಯೂಬುಗಳನ್ನೆಲ್ಲ ಇಳಿಸಿ ಎಲ್‌ಇಡಿ ಹಾಕಿದ್ದರು. ಇಳಿಸಿದವು ಸ್ಟೋರಿನ ಗೋಡೆಗೊರಗಿ ನಿಂತಿದ್ದವು. ಬಟ್ಟೆ ಕೊಳ್ಳುವ ಹೊರದೇಶದವರ ಕಡೆಯಿಂದ ತಪಾಸಣೆಯಿದೆ, ಎಲ್ಲವೂ ಕಾನೂನಿನ ಪ್ರಕಾರ ಆಗಬೇಕು ಎಂದು ವೇಣು ಒಂದು ವಾರದಿಂದ ಹೇಳುತ್ತಲೇ ಇದ್ದ.

ಸಹನ ಒಂದು ಟ್ಯೂಬನ್ನು ಎರಡೂ ಕೈಯಲ್ಲಿ ಹಿಡಿದು, ಮಲಗಿದ ಮಗುವನ್ನು ಜರುಗಿಸುವಂತೆ ಮೆಲ್ಲಗೆ ರಟ್ಟಿನ ಕೊಳವೆಯೊಳಕ್ಕೆ ಇಳಿಸಿ ತೋರಿಸಿದಳು. ಒಂದರ ಮೇಲೊಂದು ಪೇರಿಸಬಾರದು, ನಿಲ್ಲಿಸಿ ಇಡಬೇಕು, ಗಾಳಿಯಾಡುವ ಕೋಣೆಯಾಗಿರಬೇಕು, ಕಸದ ಜೊತೆ ಸೇರಿಸಬಾರದು, ಗುಜರಿಯವನಿಗಂತೂ ಕೊಡಲೇಬಾರದು. ತಮ್ಮಲ್ಲಿ ಮುಚ್ಚಿದ ಯಂತ್ರದೊಳಗೆ ಇದನ್ನು ಪುಡಿ ಮಾಡಿ ಗಾಜು ಬೇರೆ, ಅಲ್ಯೂಮಿನಿಯಂ ಬೇರೆ, ಬಿಳಿ ಪುಡಿ ಬೇರೆ ತೆಗೆಯುತ್ತಾರೆ. ಪುಡಿಯಲ್ಲಿರುವ ಪಾದರಸವನ್ನು ಕಾಯಿಸಿ ಹಿಡಿದಿಡುತ್ತಾರೆ. ಪಾದರಸ ಎಂಬ ಮಾತಿಗೆ ಸೀನಪ್ಪ ತಲೆಯೆತ್ತಿದ. ತಂಗಿಯ ಗಂಡ ಸುಬ್ರಮಣಿ ಚಿನ್ನದ ಗಣಿಯ ಮಿಲ್ಲಿನಲ್ಲಿದ್ದಾಗ ಸಣ್ಣ ಸೀಸೆಯಲ್ಲಿ ಒಂದು ಹನಿ ತಂದು ತೋರಿಸಿದ್ದ. ಮದುವೆಯ ಮನೆಯ ಜಗಲಿಯಲ್ಲಿ ಕೂತು ಆ ಹನಿಯನ್ನು ಅಂಗೈಯಲ್ಲಿ ಉರುಳಿಸುತ್ತ, ನೀರಲ್ಲದ ಕಲ್ಲಲ್ಲದ ಅದರ ಭಾರಕ್ಕೆ ಬೆರಗಾಗಿದ್ದ ತಾನು. ಟ್ಯೂಬಿನೊಳಗೆ ಅದು ಇದೆಯೆಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದನೇನೋ. 'ಟ್ಯೂಬು ಇಡಿಯಾಗಿದ್ರೆ ಏನೂ ಮಾಡಲ್ಲ,' ಸಹನ ಹೇಳುತ್ತಿದ್ದಳು, 'ಒಡೆದ್ರೆ ಪಾದರಸ ಆವಿಯಾಗಿ ಗಾಳಿಗೆ ಸೇರುತ್ತೆ. ಕಣ್ಣಿಗೆ ಕಾಣಲ್ಲ, ವಾಸನೆ ಇಲ್ಲ. ಕೈತಪ್ಪಿ ಒಂದು ಒಡೀತು ಅಂತಿಟ್ಕೊಳ್ಳಿ. ಎಲ್ರೂ ಆಚೆ ಹೋಗಿ, ಕಿಟಕಿ ತೆಗೀರಿ, ಕಾಲು ಗಂಟೆ ಬಿಡಿ. ಆಮೇಲೆ ಕೈಗವಸು ಹಾಕ್ಕೊಂಡು ದಪ್ಪ ರಟ್ಟಿನಲ್ಲಿ ಎತ್ತಿ, ಒದ್ದೆ ಬಟ್ಟೇಲಿ ಒರೆಸಿ, ಎಲ್ಲಾನೂ ಮುಚ್ಚಳ ಇರೋ ಡಬ್ಬಿಗೆ ಹಾಕಿ. ಪೊರಕೆ ಮಾತ್ರ ಹಿಡೀಬೇಡಿ, ಪೊರಕೆ ಅದನ್ನ ಗಾಳಿಗೆ ಎಬ್ಬಿಸುತ್ತೆ.'

'ಮೇಡಂ, ನಮ್ಮೂರಲ್ಲಿ ಸತ್ತೋದ ಟ್ಯೂಬ್ನ ಬೇಲಿಗೆ ಒಡೆದು ಬಿಸಾಕ್ತಾರೆ, ಯಾರ್ಗೂ ಏನೂ ಆಗಿಲ್ಲ,' ಎಂದು ಬಾಯ್ಲರಿನ ಜಯರಾಮಪ್ಪ ಅಂದಾಗ ಎಲ್ಲರೂ ನಕ್ಕರು. ಸಹನಳೂ ನಕ್ಕಳು. ಒಂದೆರಡರಿಂದ ಏನೂ ಆಗಲಿಕ್ಕಿಲ್ಲ ಎಂದಳು. ಆದರೆ ಮುಚ್ಚಿದ ಕೋಣೆ, ನೂರಾರು ಟ್ಯೂಬು, ದಿನಾ ಅದೇ ಗಾಳಿ ಎಂದರೆ ಬೇರೆ ಮಾತು. ವಸಡು ಹುಣ್ಣಾಗುತ್ತದೆ, ಬಾಯಿ ತುಕ್ಕು ಹಿಡಿದಂತಾಗುತ್ತದೆ, ನಿದ್ದೆ ಬರುವುದಿಲ್ಲ, ಕೈ ನಡುಗುತ್ತದೆ. 'ಇನ್ನೊಂದು ಇದೆ. ಸಂಕೋಚ. ಜನರ ಎದುರು ನಿಲ್ಲೋಕಾಗಲ್ಲ. ಯಾರೋ ನೋಡ್ತಿದ್ದಾರೆ ಅಂತ ಗೊತ್ತಾದ್ರೆ ಸಾಕು, ಕೈ ಇನ್ನೂ ಜಾಸ್ತಿ ನಡುಗುತ್ತೆ. ನೋಡಿದೋರು ಹೆದರಿಕೆ ಅಂದ್ಕೊಂಡುಬಿಡ್ತಾರೆ.'

ಪಕ್ಕದವರ ನಗೆ ಇನ್ನೂ ಮುಗಿದಿರಲಿಲ್ಲ. ಸೀನಪ್ಪನಿಗೆ ಕ್ಯಾಂಟೀನಿನ ಫ್ಯಾನುಗಳ ಸದ್ದು ಒಮ್ಮೆಲೇ ದೂರವಾಗಿ, ಹಸಿರು ಬಣ್ಣದ ಒಂದು ಕಬ್ಬಿಣದ ಬಾಗಿಲು, ಅದರಾಚೆಯಿಂದ ಬರುತ್ತಿದ್ದ ಠಸ್, ಠಸ್ ಎಂಬ ಸದ್ದು, ನಡುನಡುವೆ ಒಂದು ಕೆಮ್ಮು ಕೇಳಿಸತೊಡಗಿತು. ಆರು ವರ್ಷದ ಹಿಂದಿನ ಮಾತು. ಆಗಲೂ ಹೀಗೇ ಒಂದು ಕೋಣೆ ಖಾಲಿಯಾಗಬೇಕಿತ್ತು. ವರ್ಷಗಳಿಂದ ಬಿದ್ದುಕೊಂಡಿದ್ದ ಸತ್ತ ಟ್ಯೂಬುಗಳು, ಎಣಿಸಿದವರಿಲ್ಲ, ಸಾವಿರದ ಮೇಲಿದ್ದವು. ಉದ್ದದ ಟ್ಯೂಬನ್ನು ಹೊರುವುದಿಲ್ಲ, ಒಡೆದು ಡ್ರಮ್ಮಿಗೆ ತುಂಬಿಕೊಡಿ ಎಂದಿದ್ದ ಗುಜರಿಯವನು. ಆ ವಾರವೇ ಹೆಡ್ ಆಫೀಸಿನಿಂದ ಇಂಗ್ಲಿಷಿನ ಒಂದು ಸುತ್ತೋಲೆ ಬಂದಿತ್ತು. ಅದರಲ್ಲಿ ಕಸದ ಬುಟ್ಟಿಯ ಮೇಲೆ ಅಡ್ಡಗೀಟು ಹಾಕಿದ ಚಿತ್ರವಿತ್ತು. ಆಫೀಸಿನ ಕಲ್ಪನಳ ಹತ್ತಿರ ಓದಿಸಿದ್ದ. 'ಒಡೀಬಾರ್ದಂತೆ ಅಂಕಲ್, ಒಳಗೆ ಏನೋ ವಿಷ ಇರುತ್ತಂತೆ' ಎಂದಿದ್ದಳು ಆ ಹುಡುಗಿ, ಕಂಪ್ಯೂಟರಿನಿಂದ ಕಣ್ಣು ತೆಗೆಯದೆ. ಅದನ್ನು ವೇಣುವಿಗೆ ತೋರಿಸಿದರೆ, 'ಎಲ್ಲಾದಕ್ಕೂ ಹಿಂಗೇ ಬರೀತಾರೆ ಸೀನಪ್ಪ, ನನಗೆ ತಿಂಗಳೊಳಗೆ ರೂಮು ಬೇಕು' ಎಂದು ಕಾಗದವನ್ನು ಮಡಚಿ ಅವನ ಜೇಬಿಗೇ ತುರುಕಿದ್ದ. ಅಲ್ಲಿಂದ ಹೊರಟ ಸೀನಪ್ಪ ಯಾರ ಹತ್ತಿರ ಹೋಗಿದ್ದ? ಕಸ ಗುಡಿಸುವ ಕೆಲಸಕ್ಕೆ ನಾಲ್ಕು ಹೆಂಗಸರಿದ್ದರು. ಅವರಲ್ಲಿ ಮೂವರು 'ಯಾಕೆ, ಏನು, ನಾವೇ ಯಾಕೆ' ಎನ್ನುವವರು. ಹಾಗನ್ನದವಳು ಒಬ್ಬಳೇ, ತಾನೇ ತಂದು ಸೇರಿಸಿದ್ದ ಒಡಹುಟ್ಟಿದ ತಂಗಿ ಅನಸೂಯ.

'ಅದೇನು ದೊಡ್ಡ ಕೆಲ್ಸ, ಕೊಡಣ್ಣ' ಎಂದಿದ್ದಳು. ಗಂಡ ಸತ್ತು ಎರಡು ವರ್ಷವಾಗಿತ್ತು. ಕಸ ಗುಡಿಸುತ್ತಲೇ ಅವಳ ಕಣ್ಣು ಹೊಲಿಗೆಯ ಮಿಷನ್ನುಗಳ ಮೇಲಿತ್ತು. ಊಟದ ಹೊತ್ತಿನಲ್ಲಿ ಮಿಷನ್ನಿನ ಹೆಂಗಸರನ್ನು ಕಾಡಿ ಬೇಡಿ ನೇರ ಹೊಲಿಗೆ, ಕಾಲರಿನ ಹೊಲಿಗೆ ಕಲಿತಿದ್ದಳು. ಇದೊಂದು ಮುಗಿಸಿಕೊಡು, ವೇಣು ಸಾರ್‌ಗೆ ಹೇಳಿ ಮಿಷನ್ನಿಗೆ ಹಾಕಿಸ್ತೀನಿ ಎಂದಿದ್ದ ಸೀನಪ್ಪ. ಮೂರು ವಾರ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಧೂಳು ಹೊರಗೆ ಬಾರದಿರಲೆಂದು ಬಾಗಿಲು ಹಾಕಿಕೊಂಡು, ಕಬ್ಬಿಣದ ಸರಳಿನಿಂದ ಡ್ರಮ್ಮಿನೊಳಗೆ ಒಡೆದಳು. ಹೊರಗೆ ಬಂದರೆ ಹುಬ್ಬಿಗೆ, ಕೂದಲಿಗೆ, ಕೈಯ ರೋಮಕ್ಕೆ ಬಿಳಿ ಪುಡಿ. 'ನಾಟಕದ ಪಾತ್ರ ಆದ್ನಲ್ಲಣ್ಣ' ಎಂದು ನಗುತ್ತಿದ್ದಳು. ಸಾಯಂಕಾಲ ಪೊರಕೆ ಹಿಡಿದು ಅದೇ ಕೋಣೆಯನ್ನು ಗುಡಿಸುತ್ತಿದ್ದಳು. ಗುಜರಿಯವನು ಬರುವುದು ತಡವಾಗಿ ಡ್ರಮ್ಮುಗಳು ಮಳೆಗಾಲವೆಲ್ಲ ಅಲ್ಲೇ ಉಳಿದವು. ಗುಡಿಸುವವರಿಗೆ ಕ್ಯಾಂಟೀನಿನಲ್ಲಿ ಕೂರಲು ಬಿಡುತ್ತಿರಲಿಲ್ಲವಾದ್ದರಿಂದ ಅನಸೂಯ ಆ ಡ್ರಮ್ಮುಗಳ ನಡುವೆಯೇ ಬುತ್ತಿ ಬಿಚ್ಚಿ ಉಣ್ಣುತ್ತಿದ್ದಳು. ಅನ್ನ ಯಾಕೋ ತಾಮ್ರದ ಚೊಂಬು ನೆಕ್ಕಿದಂಗಾಗ್ತದೆ ಎಂದು ಒಮ್ಮೆ ಅಂದಿದ್ದಳು. ನಿಮ್ಮ ಗಣಿಯೂರು ಚಾಂಪಿಯನ್ ರೀಫ್ಸಿನ ನೀರು ಹಂಗೇ ಎಂದು ಅವನು ತೇಲಿಸಿಬಿಟ್ಟಿದ್ದ. ಆ ದಿನಗಳಲ್ಲಿ ತಾನು ಎಷ್ಟು ಸಲ ಆ ಕೋಣೆಯೊಳಗೆ ಹೋಗಿದ್ದೆ ಎಂದು ಈಗ, ಸಹನಳ ಮುಂದೆ ಕೂತು, ಬೆರಳು ಮಡಚಲು ನೋಡಿದ. ಒಂದೂ ಮಡಚಲಿಲ್ಲ.

ಮಿಷನ್ನು ಸಿಕ್ಕಿತು. ಮಾತು ಉಳಿಸಿಕೊಂಡೆನೆಂದು ಸೀನಪ್ಪ ಎಷ್ಟು ಬೀಗಿದ್ದ. ಮೊದಲ ವಾರ ಅವಳು ಹೊಲಿದ ಕಾಲರುಗಳನ್ನು ಲೈನಿನ ಸೂಪರ್‌ವೈಸರ್ ಇಂದ್ರಾಣಿ ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ್ದಳು. ತಿಂಗಳಾಗುವಷ್ಟರಲ್ಲಿ ಹೊಲಿಗೆ ಸೊಟ್ಟಗಾಗತೊಡಗಿತು. ಸೂಜಿಗೆ ದಾರ ಪೋಣಿಸಲು ಮೂರು ಸಲ, ನಾಲ್ಕು ಸಲ. ಇಂದ್ರಾಣಿ ಬಂದು ಹಿಂದೆ ನಿಂತರೆ ಮೈಯೆಲ್ಲ ಬೆವರಿ ಕೈ ಎತ್ತೆತ್ತಲೋ ಹೋಗುತ್ತಿತ್ತು. ಹೊಸದರಲ್ಲಿ ಎಲ್ಲರಿಗೂ ಹೆದರಿಕೆ ಎಂದರು. ಆಮೇಲೆ, ಅಣ್ಣನ ಶಿಫಾರಸಿನ ಮೇಲೆ ಬಂದವಳು, ಧೈರ್ಯ ಎಲ್ಲಿಂದ ಬರಬೇಕು ಎಂದರು. ಒಂದು ದಿನ ಬೆರಳಿಗೆ ಸೂಜಿ ಹೊಕ್ಕು ರಫ್ತಿನ ಬಿಳಿ ಬಟ್ಟೆಯ ಮೇಲೆ ರಕ್ತ ಬಿತ್ತು. ಇಡೀ ಲೈನು ನಿಂತಿತು. ದೀಪ ಸರಿಮಾಡಲು ಏಣಿಯ ಮೇಲಿದ್ದ ಸೀನಪ್ಪ ಇಳಿದು ಬಂದವನು ತಂಗಿಯ ಬೆರಳನ್ನು ನೋಡಲಿಲ್ಲ. ವೇಣುವಿನ ಮುಖವನ್ನು ನೋಡಿದ. ನೋಡಿ, ಅರವತ್ತು ಹೆಂಗಸರ ಮುಂದೆ ಗಂಟಲೆತ್ತಿ, 'ನನ್ ಮಾನ ಕಳ್ಯಕ್ಕೇ ಬಂದ್ಯಾ ನೀನು? ಇಷ್ಟು ಎದ್ರಿಕೆ ಇರೋಳು ಮನೇಲಿ ಬಿದ್ದಿರ್ಬೇಕಾಗಿತ್ತು' ಎಂದ. ಅವಳು ತಲೆಯೆತ್ತಲಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದುಕೊಂಡು ಬುತ್ತಿಯ ಚೀಲವನ್ನು ಹುಡುಕಿದಳು. ಮಾರನೆಯ ದಿನದಿಂದ ಬರಲಿಲ್ಲ.

'ನಿಮ್ಮ ಪ್ರಶ್ನೆ ಏನಾದ್ರೂ ಇದೆಯಾ ಸಾರ್?' ಎದುರಿಗೆ ಸಹನ ನಿಂತಿದ್ದಳು. ಉಳಿದವರೆಲ್ಲ ಎದ್ದು ಹೋಗಿದ್ದರು. ಇಲ್ಲ ಎಂದ. ಅವಳು ಒಂದು ನಮೂನೆಯನ್ನು ಕೈಗಿಟ್ಟಳು. ಈಗಿರುವ ಟ್ಯೂಬು ಎಷ್ಟು, ಎಲ್ಲಿಟ್ಟಿದ್ದೀರಿ, ಒಡೆದವು ಎಷ್ಟು. ಹಿಂದಿನ ವರ್ಷಗಳಲ್ಲಿ ಹಳೆಯ ಟ್ಯೂಬುಗಳನ್ನು ಏನು ಮಾಡಿದಿರಿ. ಕೆಲಸಗಾರರಲ್ಲಿ ಯಾರಿಗಾದರೂ ತೊಂದರೆಯಾಗಿದೆಯೇ. ಸ್ಟೋರಿನ ಜವಾಬ್ದಾರಿ ಅವನದಾದ್ದರಿಂದ ಅವನೇ ತುಂಬಬೇಕಂತೆ, ನಾಳಿದ್ದು ಲಾರಿ ಬರುವಾಗ ಕೊಟ್ಟರೆ ಸಾಕಂತೆ. ಹಿಂದೆಯೇ ಬಂದ ವೇಣು ಕಾಗದದ ಮೇಲೆ ಕಣ್ಣಾಡಿಸಿ, 'ಹಿಂದಿನದಕ್ಕೆಲ್ಲ ಇಲ್ಲ ಅಂತ ಬರೀರಿ. ಇಲ್ಲ, ಇಲ್ಲ, ಇಲ್ಲ. ಅಷ್ಟೇ' ಎಂದು ಅವನ ಭುಜ ತಟ್ಟಿ ಹೋದ. ಆ ತಟ್ಟುವಿಕೆಯಲ್ಲಿ ಸ್ನೇಹವಿತ್ತು. ಸೀನಪ್ಪನಿಗೆ ಅಸಹ್ಯವಾದದ್ದು ಅದೇ. ಮಧ್ಯಾಹ್ನ ಹೊಟ್ಟೆನೋವೆಂದು ರಜೆ ಬರೆದು ಸ್ಟೇಷನ್ನಿಗೆ ನಡೆದ.

ಮಾರಿಕುಪ್ಪಂ ರೈಲಿನಲ್ಲಿ ಜನ ಕಡಿಮೆಯಿತ್ತು. ಕಿಟಕಿಯಾಚೆ ಜಾಲಿಯ ಪೊದೆ, ಇಟ್ಟಿಗೆಯ ಗೂಡು, ಆಮೇಲೆ ಗಣಿಯ ಬೂದುಬಣ್ಣದ ಮಣ್ಣುಗುಡ್ಡಗಳು ಒಂದೊಂದಾಗಿ ಹತ್ತಿರವಾದವು. ಒಂದೂವರೆ ವರ್ಷವಾಗಿತ್ತು ಈ ಕಡೆಗೆ ಬಂದು. ಕೊನೆಯ ಸಲ ಬಂದದ್ದು ಅನಸೂಯಳ ಮಗಳು ರಾಧಳನ್ನು ನೋಡಲು ಮುಳಬಾಗಿಲಿನ ಗಂಡಿನವರು ಬಂದಾಗ. ಕಾಫಿ ತಟ್ಟೆ ಹಿಡಿದು ನಡುಮನೆಗೆ ಬರಬೇಕಾದ ತಾಯಿ ಬರಲೇ ಇಲ್ಲ. ಹುಡುಕಿದರೆ ಪಕ್ಕದ ಮನೆಯ ಬಚ್ಚಲಿನಲ್ಲಿ ಕೂತಿದ್ದಳು. ತಾಯಿಗೆ ತಲೆ ಸರಿಯಿಲ್ಲವೆಂದುಕೊಂಡು ಗಂಡಿನವರು ಮೇಲೆದ್ದರು. ಆವತ್ತೂ ಅವನು ಬೈದಿದ್ದ. ಬೈದದ್ದನ್ನೇ ನೆನೆಯುತ್ತ ಕೂತವನಿಗೆ ಈಗ ಇನ್ನೊಂದು ಯೋಚನೆ ಮೆಲ್ಲಗೆ ತಲೆಹಾಕಿತು: ಯಾಕೆ ಹೇಳಬೇಕು? ಹೇಳಿದರೆ ಅವಳ ಕೈ ನೆಟ್ಟಗಾಗುತ್ತದೆಯೇ? ಅದರಿಂದಲೇ ಆಯಿತೆಂದು ಯಾರು ಬರೆದುಕೊಡುತ್ತಾರೆ? ಈ ವಾದ ತನ್ನ ನಾಲಿಗೆಯ ಮೇಲೆ ಎಷ್ಟು ಸಲೀಸಾಗಿ ಬಂತೆಂದರೆ ಅವನಿಗೇ ದಿಗಿಲಾಯಿತು. ಅದು ವೇಣುವಿನ ದನಿಯಲ್ಲಿತ್ತು. ತಂಗಿಯ ಊರು ಚಾಂಪಿಯನ್ನಿನಲ್ಲಿ ಇಳಿದ.

ಗಣಿಯ ಕಾಲದ ಸಾಲುಮನೆಗಳ ಓಣಿಯಲ್ಲಿ ಅವನನ್ನು ಮೊದಲು ಕಂಡವಳು ಬಾಗಿಲಲ್ಲಿ ಕೂತಿದ್ದ ಪಕ್ಕದ ಮನೆಯ ಮುದುಕಿ. 'ಅನಸೂಯಾ, ಉನ್ ಅಣ್ಣನ್ ವಂದಿರುಕ್ಕಾರು' ಎಂದು ಅಣ್ಣ ಬಂದ ಸುದ್ದಿಯನ್ನು ತಮಿಳಿನಲ್ಲಿ ಕೂಗಿದಳು. ಒಳಗೆ ಪಾತ್ರೆಯೊಂದು ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಾದ ಮೇಲೆ ಅನಸೂಯ ಬಾಗಿಲ ಮರೆಯಿಂದ ಇಣುಕಿದಳು. ನಲವತ್ತೆಂಟರ ಹೆಂಗಸು ಅರವತ್ತರವಳಂತೆ ಕಂಡಳು. ರಾಧ ರಾಬರ್ಟ್‌ಸನ್‌ಪೇಟೆಯ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. 'ಬಾರಣ್ಣ' ಎಂದು ಚಾಪೆ ಹಾಸಿ, ನೀರಿನ ಚೊಂಬನ್ನು ಅವನ ಕೈಗೆ ಕೊಡದೆ ನೆಲದ ಮೇಲಿಟ್ಟು ಸರಿದು ಕೂತಳು. ಚೆಲ್ಲುವುದು ಕಾಣಬಾರದೆಂದು ಅವಳು ಹೀಗೆಲ್ಲ ಎಷ್ಟು ಉಪಾಯ ಕಲಿತಿರಬೇಕು ಎನಿಸಿ ಸೀನಪ್ಪ ಚೊಂಬನ್ನು ತಾನೇ ಎತ್ತಿಕೊಂಡ.

'ಆ ಕೋಣೇಲಿ ಟ್ಯೂಬು ಒಡೆದ್ಯಲ್ಲ, ಗ್ಯಾಪ್ಕ ಐತಾ?'

'ಐತೆ. ಯಾಕಣ್ಣ?'

'ಅದ್ರಲ್ಲಿ ಪಾದರಸ ಇರ್ತದಂತೆ. ಒಡೆದ್ರೆ ಗಾಳೀಲಿ ಸೇರ್ತದಂತೆ. ಅದನ್ನ ಕುಡುದ್ರೆ ಕೈ ನಡುಗ್ತದಂತೆ, ಜನ್ರ ಮುಂದೆ ನಿಲ್ಲಕ್ಕಾಗಲ್ವಂತೆ. ಇವತ್ತು ಬೆಂಗ್ಳೂರಿಂದ ಬಂದು ಏಳುದ್ರು.' ಅಷ್ಟನ್ನೂ ಅವನು ನೆಲ ನೋಡಿಕೊಂಡೇ ಹೇಳಿದ.

ಅನಸೂಯ ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ಕಾದ. ಅವಳು ಕೇಳಿದ್ದೇ ಬೇರೆ.

'ಅಂಗಂದ್ರೆ, ನಾನು ಎದ್ರುಕೊಂಡಿದ್ದಲ್ವಾ?'

'ಅಲ್ಲ.'

'ಮಿಷನ್ ಮುಂದೆ ಕುಂತಾಗ? ಇಂದ್ರಾಣಿ ಬಂದು ನಿಂತ್ಕೊಂಡಾಗ?'

'ಅಲ್ಲ ಕಣಮ್ಮ.'

ತಾನು ಮಾಡದ ತಪ್ಪಿಗೆ ವರ್ಷಗಟ್ಟಲೆ ಹೊಡೆತ ತಿಂದ ಮಗುವನ್ನು ನೋಡುವಂತೆ ಅವಳು ತನ್ನ ಬಲಗೈಯನ್ನು ನೋಡಿಕೊಂಡಳು. ಅದು ಮಡಿಲಿನಲ್ಲಿ ಸಣ್ಣಗೆ ಅದುರುತ್ತಿತ್ತು. ಅವಳ ಮುಖದಲ್ಲಿ ಒಂದು ಗಳಿಗೆ ಎಂಥದೋ ಬೆಳಕು ಬಂದುಹೋಯಿತು. ಆರು ವರ್ಷ ಅವಳು ತನ್ನ ಕಣ್ಣಿಗೆ ತಾನೇ ಹೇಡಿಯಾಗಿದ್ದಳು. ತಾಯತ ಕಟ್ಟಿಸಿಕೊಂಡಿದ್ದಳು, ನರದ ಮಾತ್ರೆ ನುಂಗಿದ್ದಳು, ಕನ್ನಡಿಯ ಮುಂದೆ ನಿಂತು ಎದ್ರುಕೋಬೇಡ ಎದ್ರುಕೋಬೇಡ ಎಂದು ತನಗೇ ಹೇಳಿಕೊಂಡಿದ್ದಳಂತೆ. ಅದನ್ನೆಲ್ಲ ಯಾರದೋ ಕಥೆಯಂತೆ ಹೇಳಿದಳು. ಆಮೇಲೆ ತಲೆಯೆತ್ತಿದಳು. ಈ ಆರು ವರ್ಷಗಳಲ್ಲಿ ಅವಳು ಅಣ್ಣನ ಕಣ್ಣನ್ನು ನೇರವಾಗಿ ನೋಡಿದ್ದು ಇದೇ ಮೊದಲು ಎಂಬುದು ಅವನಿಗೆ ಹೊಳೆಯಿತು.

'ನಿಂಗೆ ಗೊತ್ತಿತ್ತಾ ಅಣ್ಣ?'

ಇಲ್ಲ ಎಂಬ ಮಾತನ್ನು ರೈಲಿನಲ್ಲೇ ಸಿದ್ಧಮಾಡಿಕೊಂಡು ಬಂದಿದ್ದ. ಅದು ತುಟಿಯವರೆಗೆ ಬಂತು. 'ಪೂರ್ತಿ ಗೊತ್ತಿರ್ಲಿಲ್ಲ' ಎಂದ.

'ಎಷ್ಟು ಗೊತ್ತಿತ್ತು?'

'ಒಳಗೆ ಏನೋ ವಿಷ ಇರ್ತದೆ ಅಂತ. ಆಫೀಸಿನ ಹುಡ್ಗಿ ಓದಿ ಏಳಿದ್ಲು.'

'ನಾನು ಒಡೆಯಕ್ಕೆ ಮುಂಚೇನಾ?'

'ಮುಂಚೇನೇ.'

ಹೊರಗೆ ಮುದುಕಿ ಕೋಳಿಯನ್ನು ಓಡಿಸುತ್ತಿದ್ದಳು. ಅನಸೂಯ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡಿದಳು. 'ನಾನು ಕೆಮ್ಮಿದ್ರೆ ನೀನು ಆಚೆಯಿಂದ ಆಯ್ತಾ ಆಯ್ತಾ ಅಂತ ಕೇಳ್ತಿದ್ದೆ,' ಎಂದಳು. 'ಅಣ್ಣ ಬಾಗ್ಲು ಕಾಯ್ತಾವ್ನೆ ಅಂದ್ಕೊಂಡಿದ್ದೆ ನಾನು.' ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹಿಡಿದುಕೊಳ್ಳಲು ಅವನಿಗೆ ಏನಾದರೂ ಸಿಗುತ್ತಿತ್ತು.

ಹೊರಡುವಾಗ ಅವಳೂ ಬಾಗಿಲವರೆಗೆ ಬಂದಳು. 'ಒಂದು ಕೆಲ್ಸ ಮಾಡು. ಇಂದ್ರಾಣಿಗೆ ಏಳು. ಲೈನಿನವರಿಗೆಲ್ಲ ಏಳು, ಅನಸೂಯ ಎದ್ರುಕೊಂಡಿರ್ಲಿಲ್ಲ ಅಂತ. ಅವತ್ತು ಎಲ್ರ ಮುಂದೆ ಬೈದ್ಯಲ್ಲ, ಅಂಗೇ ಎಲ್ರ ಮುಂದೆ ಏಳು. ಇನ್ನೇನೂ ಬ್ಯಾಡ ನಂಗೆ.'

ಮಾರನೆಯ ದಿನ ಸ್ಟೋರಿನಲ್ಲಿ ಕೂತು ನಮೂನೆಯನ್ನು ತುಂಬಿದ. ಹಿಂದಿನ ವರ್ಷಗಳ ಜಾಗದಲ್ಲಿ, ಸಾವಿರಕ್ಕೂ ಹೆಚ್ಚು ಟ್ಯೂಬು ಮುಚ್ಚಿದ ಕೋಣೆಯಲ್ಲಿ ಒಡೆಸಿ ಗುಜರಿಗೆ ಕೊಡಲಾಗಿದೆ ಎಂದು ಬರೆದ. ಒಡೆದವರು ಅನಸೂಯ. ಒಡೆಸಿದವರು ಎಂಬ ಜಾಗ ಅದರಲ್ಲಿರಲಿಲ್ಲ. ಅಂಚಿನಲ್ಲಿ ತನ್ನ ಹೆಸರು ಬರೆದು, ಸ್ವಲ್ಪ ಯೋಚಿಸಿ, ವೇಣುವಿನ ಹೆಸರನ್ನೂ ಬರೆದ. ತೊಂದರೆ ಎಂಬಲ್ಲಿ ಕೈ ನಡುಕ ಎಂದಷ್ಟೇ ಬರೆದು ಪೆನ್ನು ಕೆಳಗಿಟ್ಟ. ಅದರ ಮರುದಿನ ಲಾರಿ ಬಂತು. ಟ್ಯೂಬುಗಳನ್ನು ಒಂದೊಂದಾಗಿ ರಟ್ಟಿನ ಕೊಳವೆಗಿಳಿಸಿ, ನಿಲ್ಲಿಸಿ, ಪಟ್ಟಿ ಕಟ್ಟಿ, ರಶೀದಿ ಕೊಟ್ಟು ಒಯ್ದರು. ಒಂದೂ ಒಡೆಯಲಿಲ್ಲ. ಇಷ್ಟು ಸುಲಭವಿತ್ತಲ್ಲ ಎಂದು ನೋಡುತ್ತ ನಿಂತ. ಸಹನ ನಮೂನೆಯನ್ನು ಎರಡು ಸಲ ಓದಿ, 'ಇವರನ್ನ ಒಮ್ಮೆ ಡಾಕ್ಟರಿಗೆ ತೋರಿಸಿ ಸಾರ್, ಏನು ಕೆಲಸ ಮಾಡಿದ್ರು ಅನ್ನೋದನ್ನ ಬಾಯಿಬಿಟ್ಟು ಹೇಳಿ' ಎಂದಳು. ವಿಷಯ ತಿಳಿದ ವೇಣು ಏನೂ ಕೂಗಾಡಲಿಲ್ಲ. 'ನಿಮ್ಮಿಂದ ಇದನ್ನ ಎಣಿಸಿರಲಿಲ್ಲ ಸೀನಪ್ಪ' ಎಂದ. ವಾರದೊಳಗೆ ವಿವರಣೆ ಕೇಳಿ ಕಾಗದ ಬಂತು. ಏಣಿ, ಟೆಸ್ಟರು, ಸ್ಟೋರಿನ ಬೀಗದ ಕೈ ಎಲ್ಲವನ್ನೂ ಇನ್ನೊಬ್ಬನಿಗೆ ಒಪ್ಪಿಸಿ ಅವನು ಗೇಟಿನ ಬಳಿ ವಾಹನಗಳ ನಂಬರು ಬರೆಯುವ ಕುರ್ಚಿಗೆ ಬಂದ.

ಕೋಲಾರದ ದೊಡ್ಡ ಆಸ್ಪತ್ರೆಗೆ ಅನಸೂಯಳನ್ನು ಕರೆದೊಯ್ದದ್ದು ಅದಾದ ಮೇಲೆ. ಬಸ್ಸಿನಲ್ಲಿ ಅವಳು ಹೆಂಗಸರ ಸೀಟಿನಲ್ಲಿ ಕೂತಳು, ಅವನು ಹಿಂದೆ ನಿಂತ. ನರರೋಗದ ಡಾಕ್ಟರು ವಯಸ್ಸಾದ ಹೆಂಗಸು. ಕೈ ಚಾಚಿಸಿದರು, ಮೂಗು ಮುಟ್ಟಿಸಿದರು, ಕಾಗದದ ಮೇಲೆ ಸುರುಳಿ ಬರೆಸಿದರು. ಆ ಸುರುಳಿ ಮುಳ್ಳುಕಂಟಿಯಂತೆ ಬಂತು. ಎಷ್ಟು ದಿನ ಒಡೆದಿರಿ, ಕಿಟಕಿ ಇತ್ತೇ, ಊಟ ಎಲ್ಲಿ ಮಾಡುತ್ತಿದ್ದಿರಿ ಎಂದು ಒಂದೊಂದೇ ಕೇಳಿ ಬರೆದುಕೊಂಡರು. 'ಯಾರು ಒಡೆಸಿದ್ದು?' ಎಂದೂ ಕೇಳಿದರು. ಅನಸೂಯ ಪಕ್ಕಕ್ಕೆ ತಿರುಗದೆ, 'ನಮ್ಮಣ್ಣ. ಇವ್ರೇ' ಎಂದಳು. ಡಾಕ್ಟರು ಪೆನ್ನು ನಿಲ್ಲಿಸಿ ಸೀನಪ್ಪನನ್ನು ನೋಡಿದರು. ಅವನು ಹೌದೆಂದು ತಲೆಯಾಡಿಸಿದ. ಊರಿನಲ್ಲಿ, ಕಾರ್ಖಾನೆಯಲ್ಲಿ, ಮದುವೆ ಮುಂಜಿಗಳಲ್ಲಿ ಅವಳು ಎಷ್ಟೋ ಸಲ ಇದೇ ಮಾತನ್ನು, ನಮ್ಮಣ್ಣ ಇವ್ರೇ ಎಂಬುದನ್ನು, ಹೆಮ್ಮೆಯಿಂದ ಅಂದದ್ದುಂಟು.

'ಇಷ್ಟು ವರ್ಷ ಆದಮೇಲೆ ರಕ್ತದಲ್ಲಿ, ಮೂತ್ರದಲ್ಲಿ ಅದು ಸಿಗೋದಿಲ್ಲಮ್ಮ,' ಎಂದರು ಡಾಕ್ಟರು. 'ಆಗಲೇ ಬಂದಿದ್ರೆ, ಬರೀ ಆ ಗಾಳಿಯಿಂದ ದೂರ ಇದ್ದಿದ್ರೂ ಎಷ್ಟೋ ಉಳೀತಿತ್ತೇನೋ. ಅದರಿಂದಲೇ ಅಂತ ನಾನು ಖಡಾಖಂಡಿತ ಬರೆದುಕೊಡೋಕಾಗಲ್ಲ. ಅಲ್ಲ ಅಂತಲೂ ಬರೆಯೋದಿಲ್ಲ. ನಡುಕಕ್ಕೆ ಮಾತ್ರೆ ಕೊಡ್ತೀನಿ, ಸ್ವಲ್ಪ ತಗ್ಗಬಹುದು.' ಅನಸೂಯ ಎಲ್ಲದಕ್ಕೂ ಆಗಲಿ ಎಂದಳು. ಹೊರಗೆ ಬಂದು ಬೇವಿನ ಮರದ ಕೆಳಗೆ ನಿಂತಾಗ ಅವಳು ಕೇಳಿದ್ದು ಮಾತ್ರೆಯ ವಿಚಾರವಲ್ಲ. 'ಲೈನಿನವರಿಗೆ ಏಳಿದ್ಯಾ?' ಎಂದು.

ಹೇಳಿರಲಿಲ್ಲ. ನಮೂನೆಯ ಮೇಲೆ ಬರೆಯುವುದಕ್ಕಿಂತ, ಡಾಕ್ಟರ ಮುಂದೆ ತಲೆಯಾಡಿಸುವುದಕ್ಕಿಂತ ಇದು ಕಷ್ಟವೆಂದು ಅವನಿಗೇ ಗೊತ್ತಿರಲಿಲ್ಲ. ಎರಡು ದಿನ ಊಟದ ಗಂಟೆಗೆ ಗೇಟಿನಿಂದೆದ್ದು ಕ್ಯಾಂಟೀನಿನ ಬಾಗಿಲವರೆಗೆ ಹೋಗಿ ಹಿಂತಿರುಗಿದ. ಮೂರನೆಯ ದಿನ, ಶುಕ್ರವಾರ, ಒಳಗೆ ಹೋದ. ಉದ್ದನೆಯ ಮೇಜುಗಳ ಎರಡೂ ಬದಿಗೆ ನೂರಾರು ಹೆಂಗಸರು, ಬಿಚ್ಚಿದ ಡಬ್ಬಿಗಳು, ಸೊಪ್ಪಿನ ಸಾರಿನ ಘಮ, ಕನ್ನಡ ತೆಲುಗು ತಮಿಳು ಒಂದರೊಳಗೊಂದು ಬೆರೆತ ಗದ್ದಲ. ಒಂದು ತಟ್ಟೆಯನ್ನು ಚಮಚದಿಂದ ಬಡಿದ. ಹತ್ತಿರದವರು ತಿರುಗಿದರು, ದೂರದವರು ತಿರುಗಲಿಲ್ಲ. 'ಎಲ್ರೂ ಒಂದ್ ನಿಮಿಷ ಕೇಳ್ರಮ್ಮ,' ಎಂದ. 'ನಮ್ ಅನಸೂಯ, ಕಾಲರ್ ಲೈನಲ್ಲಿದ್ಲು. ಕೈ ನಡುಗ್ತದೆ ಅಂತ ಅವಳ್ನ ಎದ್ರುಪುಕ್ಲಿ ಅಂದ್ವಿ. ನಾನೇ ಎಲ್ರ ಮುಂದೆ ಬೈದೆ. ಅದು ಎದ್ರಿಕೆ ಅಲ್ಲ. ಟ್ಯೂಬ್‌ಲೈಟು ಒಡೆಯಕ್ಕೆ ಅವ್ಳನ್ನ ನಾನೇ ಆಕಿದ್ದೆ, ಅದ್ರ ವಿಷ. ಅವ್ಳು ಎದ್ರುಕೊಂಡಿರ್ಲಿಲ್ಲ. ಇದನ್ನ ಏಳ್ಬೇಕಾಗಿತ್ತು.'

ಯಾರೂ ನಗಲಿಲ್ಲ. ಮುಂದಿನ ಮೇಜಿನಲ್ಲಿದ್ದ ಹುಡುಗಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ಎಲ್ಲ ಹೊಸ ಮುಖಗಳು, ನಿನ್ನೆ ಮೊನ್ನೆ ಸೇರಿದವರು, ಆರು ವರ್ಷದ ಹಿಂದೆ ಶಾಲೆಯಲ್ಲಿದ್ದವರು. ಇಂದ್ರಾಣಿಯನ್ನು ಅವನು ಕಣ್ಣಿನಿಂದ ಹುಡುಕಿದ. ಅವಳು ಕಿಟಕಿಯ ಪಕ್ಕದಲ್ಲಿ, ಓದುವ ಕನ್ನಡಕ ಹಣೆಗೇರಿಸಿಕೊಂಡು, ಕೈಯಲ್ಲಿ ತುತ್ತು ಹಿಡಿದು ಅವನನ್ನೇ ನೋಡುತ್ತಿದ್ದಳು. ನೆನಪಿಸಿಕೊಳ್ಳಲು ನಿಜಕ್ಕೂ ಪ್ರಯತ್ನಪಡುತ್ತಿದ್ದಳು, ಅದು ಅವಳ ಹುಬ್ಬುಗಳಲ್ಲಿ ಕಾಣುತ್ತಿತ್ತು.

'ಯಾವ ಅನಸೂಯ, ಸೀನಪ್ಪಣ್ಣ?' ಎಂದಳು.

ಅವನು ವಿವರಿಸಲು ಹೋದ. ಚಾಂಪಿಯನ್ನಿನಿಂದ ಬರುತ್ತಿದ್ದಳು, ಮೊದಲು ಗುಡಿಸುತ್ತಿದ್ದಳು, ಬಟ್ಟೆಯ ಮೇಲೆ ರಕ್ತ ಬಿದ್ದು ಲೈನು ನಿಂತಿತ್ತಲ್ಲ. 'ಅಂಗೆ ಬಾಳ ಜನ ಬಂದೋದ್ರಲ್ಲಣ್ಣ, ಯಾರಂತ ಗ್ಯಾಪ್ಕ ಇಟ್ಕಳೋದು' ಎಂದು ಇಂದ್ರಾಣಿ ಬೇಸರಪಟ್ಟುಕೊಂಡೇ ಹೇಳಿದಳು. ಗಂಟೆ ಹೊಡೆಯಿತು. ಡಬ್ಬಿಗಳು ಮುಚ್ಚಿಕೊಂಡವು. ಹೆಂಗಸರು ಅವನ ಎರಡೂ ಪಕ್ಕದಿಂದ ಹಾಯ್ದು, ಮೈ ತಾಗದಂತೆ ಸರಿದುಕೊಂಡು, ಕೈತೊಳೆಯುವ ನಲ್ಲಿಗಳ ಕಡೆಗೆ ಹೋದರು. ಆರು ವರ್ಷ ಒಬ್ಬಳು ಯಾರ ಕಣ್ಣಿಗೆ ಹೆದರಿ ಬಚ್ಚಲಲ್ಲಿ ಅಡಗಿಕೊಂಡಳೋ, ಆ ಕಣ್ಣುಗಳು ಯಾವುದೂ ಅವಳ ಮೇಲೆ ಇರಲೇ ಇಲ್ಲ.

ಸಂಜೆ ಕಾಮಸಮುದ್ರದ ಬಸ್ಸು ತಪ್ಪಿಹೋಗಿ, ರೈಲಿಗಾದರೂ ಹೋಗೋಣವೆಂದು ಸೀನಪ್ಪ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಕೂತಿದ್ದಾಗ ಫೋನು ಬಂತು. ಅನಸೂಯ ತಾನಾಗಿ ಫೋನು ಮಾಡುವವಳಲ್ಲ. ರಾಧ ನಂಬರು ಒತ್ತಿಕೊಟ್ಟಿರಬೇಕು.

'ಏಳಿದ್ಯಾ ಅಣ್ಣ?'

'ಏಳ್ದೆ. ಕ್ಯಾಂಟೀನಲ್ಲಿ, ಎಲ್ರ ಮುಂದೆ.'

'ಏನಂದ್ರು?'

ಬೆಂಗಳೂರಿನ ಗಾಡಿ ಬಂದು ನಿಂತು ಜನ ಇಳಿಯತೊಡಗಿದ್ದರು. ಒಂದು ಹೆಂಗಸು ಹಾಲಿನ ಖಾಲಿ ಕ್ಯಾನುಗಳನ್ನು ಎಳೆದುಕೊಂಡು ಅವನ ಕಾಲಿನ ಹತ್ತಿರದಿಂದಲೇ ಹೋದಳು. ನಿಜ ಹೇಳುತ್ತೇನೆಂದು ತನಗೆ ತಾನೇ ಮಾತು ಕೊಟ್ಟುಕೊಂಡಿದ್ದ ಸೀನಪ್ಪ ಬಾಯಿ ತೆರೆದ.

'ಪಾಪ ಅಂದ್ರು,' ಎಂದ. 'ತುಂಬಾ ಬೇಜಾರು ಮಾಡ್ಕೊಂಡ್ರು.'

'ಇಂದ್ರಾಣಿ?'

'ಇಂದ್ರಾಣಿ ಅತ್ಲು. ಎಂಥಾ ಕೆಲ್ಸ ಆಗೋಯ್ತು ಅಂದ್ಲು. ನಿನ್ ಕಾಲರ್ ಹೊಲಿಗೆ ಇನ್ನೂ ಗ್ಯಾಪ್ಕ ಐತಂತೆ ಅವ್ಳಿಗೆ.'

ಅನಸೂಯ ಫೋನನ್ನು ಕಿವಿಯಿಂದ ತುಸು ದೂರ ಹಿಡಿದು, 'ನೋಡ್ದೇನೇ ರಾಧ, ಇಂದ್ರಾಣಿ ಅತ್ಲಂತೆ' ಎಂದು ಮಗಳಿಗೆ ಹೇಳುವುದು ಕೇಳಿಸಿತು. ಆ ದನಿಯನ್ನು ಸೀನಪ್ಪ ಗುರುತಿಸಿದ. ಲಂಗ ಹಾಕಿಕೊಂಡಿದ್ದ ಕಾಲದಲ್ಲಿ, ಪಾಸಾದದ್ದನ್ನು ಮನೆಮನೆಗೆ ಹೇಳಿಕೊಂಡು ಬರುತ್ತಿದ್ದಳಲ್ಲ, ಆಗಿನ ದನಿ. ಹೊರಡುವ ಗಾಡಿಗೆ ಓಡುತ್ತಿದ್ದವನೊಬ್ಬ ಅವನ ಭುಜಕ್ಕೆ ತಾಗಿಸಿಕೊಂಡು ಹೋದ. ಫೋನು ಇನ್ನೂ ಮಾತಾಡುತ್ತಲೇ ಇತ್ತು, ಇನ್ನೂ ಯಾರ್ಯಾರು ಏನೇನಂದ್ರು ಎಂದು ಒಬ್ಬೊಬ್ಬರ ಹೆಸರು ಹಿಡಿದು ಕೇಳುತ್ತಿತ್ತು. ಅವನು ಒಬ್ಬೊಬ್ಬರ ಪರವಾಗಿಯೂ ಉತ್ತರ ಹೇಳುತ್ತ ಕೂತ.